ಸೈಕೆಡೆಲಿಕ್‌ಗಳನ್ನು ಕೊಡುವವರು ಯಾರು, ಕೊಡುವುದು ಯಾಕೆ?

ಸೈಕೆಡೆಲಿಕ್‌ಗಳ, ಅಂದರೆ ಗ್ರಹಿಕೆಯನ್ನೇ ಸ್ವಲ್ಪ ಹೊತ್ತು ಬದಲಿಸುವ ಪದಾರ್ಥಗಳ ಬಗ್ಗೆ ಓದಲು ಕೂತರೆ ಮೊದಲು ಎದುರಾಗುವವರು 1960ರ ದಶಕದ ಹಿಪ್ಪಿಗಳು. ಅಲ್ಲಿಂದಲೇ ಶುರು ಮಾಡಿದರೆ ಅರ್ಧ ವಿಷಯ ಕೈತಪ್ಪಿ ಹೋಗುತ್ತದೆ. ಇವುಗಳ ಬಳಕೆ ಆ ದಶಕಕ್ಕಿಂತ ಎಷ್ಟೋ ಹಳೆಯದು, ಇವತ್ತಿಗೂ ಅದರ ರೂಪ ಬದಲಾಗುತ್ತಲೇ ಇದೆ. ಹಾಗಾಗಿ ಇಸವಿಗಳ ಪಟ್ಟಿಗಿಂತ ಒಂದು ಪ್ರಶ್ನೆಯನ್ನು ಹಿಡಿದು ಓದುವುದು ಒಳ್ಳೆಯದು: ಆಯಾ ಕಾಲದಲ್ಲಿ ಇವನ್ನು ಕೊಡುವ ಅಧಿಕಾರ ಯಾರ ಕೈಯಲ್ಲಿತ್ತು, ಅವರು ಯಾಕಾಗಿ ಕೊಡುತ್ತಿದ್ದರು?

ಮೊದಲು ಪದಾರ್ಥಗಳ ಗುರುತು. ಕೆಲವು ಜಾತಿಯ ಅಣಬೆಗಳಲ್ಲಿರುವ ಸಿಲೋಸೈಬಿನ್, ಪೆಯೋಟಿ ಎಂಬ ಮುಳ್ಳಿಲ್ಲದ ಕಳ್ಳಿಯಲ್ಲಿರುವ ಮೆಸ್ಕಲಿನ್, ಅಮೆಜಾನ್ ಪ್ರದೇಶದ ಅಯಾವಾಸ್ಕಾ ಕಷಾಯದಲ್ಲಿರುವ ಡಿಎಂಟಿ, ಪ್ರಯೋಗಾಲಯದಲ್ಲಿ ಹುಟ್ಟಿದ ಎಲ್‌ಎಸ್‌ಡಿ. ಈ ನಾಲ್ಕೂ ಮಿದುಳಿನಲ್ಲಿ 5-ಎಚ್‌ಟಿ2ಎ ಎಂಬ ಗ್ರಾಹಕದ (ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಬಂದು ಸೇರುವ ತಾಣದ) ಮೇಲೆ ಕೆಲಸ ಮಾಡುತ್ತವೆ. ನೋಟ, ಸಮಯದ ಅಂದಾಜು, ‘ನಾನು’ ಎಂಬ ಭಾವ ಎಲ್ಲವೂ ಸ್ವಲ್ಪ ಹೊತ್ತು ಬೇರೆಯಾಗುತ್ತವೆ. ಅಫೀಮಿನ ಹಾಗೆ ಶರೀರ ಇವಕ್ಕೆ ಅಂಟಿಕೊಳ್ಳುವುದಿಲ್ಲ. ಹಾಗೆಂದು ಅಪಾಯವೇ ಇಲ್ಲ ಎಂದುಕೊಳ್ಳಬೇಡಿ. ತೀವ್ರ ಭಯ, ಗೊಂದಲ ಆವರಿಸಬಹುದು. ತಮಗಾಗಲಿ ಹತ್ತಿರದ ಸಂಬಂಧಿಕರಿಗಾಗಲಿ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮನೋರೋಗ) ಇದ್ದವರನ್ನು ಇಂದಿನ ಪ್ರಯೋಗಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಇನ್ನೊಂದು ಮುಖ್ಯ ಅಂಶವೆಂದರೆ, ತೆಗೆದುಕೊಂಡವರ ಮನಃಸ್ಥಿತಿ ಮತ್ತು ಸುತ್ತಲಿನ ಪರಿಸರಕ್ಕೆ ತಕ್ಕಂತೆ ಅದೇ ಪ್ರಮಾಣದ ಪರಿಣಾಮ ತೀರಾ ಬೇರೆಯಾಗುತ್ತದೆ. ಸಮಾಜಶಾಸ್ತ್ರ ಈ ವಿಷಯದೊಳಗೆ ಬರುವುದೇ ಈ ಕಾರಣಕ್ಕೆ.

ಮೆಕ್ಸಿಕೋದ ಒಂದು ಮನೆ

ಮೆಕ್ಸಿಕೋದ ಓಹಾಕಾ ರಾಜ್ಯದ ಬೆಟ್ಟಗಳಲ್ಲಿ ವಾವುತ್ಲಾ ದೆ ಹಿಮೆನೆಸ್ ಎಂಬ ಊರಿದೆ. ಅಲ್ಲಿನ ಮಸಾಟೆಕ್ ಸಮುದಾಯದ ಮರಿಯಾ ಸಬೀನಾ ರೋಗ ವಾಸಿ ಮಾಡುವ ಹೆಂಗಸು. ಆಕೆ ಅಣಬೆಗಳನ್ನು ‘ಪವಿತ್ರ ಮಕ್ಕಳು’ ಎಂದು ಕರೆಯುತ್ತಿದ್ದರು. ರಾತ್ರಿ ಹೊತ್ತು, ಪೂಜಾಪೀಠದ ಮುಂದೆ, ಅಣಬೆಗಳನ್ನು ಜೋಡಿ ಜೋಡಿಯಾಗಿ ತಿನ್ನಬೇಕು. ರೋಗಿಯ ಜೊತೆ ವೈದ್ಯೆಯೂ ತಿನ್ನುತ್ತಾರೆ. ದೀಪ ಆರಿಸಿದ ಮೇಲೆ ಕತ್ತಲಲ್ಲಿ ಗಂಟೆಗಟ್ಟಲೆ ಹಾಡು. ಯಾರಿಗೆ ಏನಾಗಿದೆ, ಯಾಕಾಗಿದೆ ಎಂದು ತಿಳಿಯುವುದೇ ಇಷ್ಟಕ್ಕೆಲ್ಲ ಉದ್ದೇಶ. ಕಾಯಿಲೆ ಇಲ್ಲದವರು ಸುಮ್ಮನೆ ದೇವರನ್ನು ಕಾಣುವ ಆಸೆಗೆ ತಿನ್ನುವ ವಸ್ತು ಅದಲ್ಲ.

1955ರ ಜೂನ್‌ನಲ್ಲಿ ನ್ಯೂಯಾರ್ಕಿನ ಬ್ಯಾಂಕ್ ಅಧಿಕಾರಿ, ಹವ್ಯಾಸಿ ಅಣಬೆ ಅಧ್ಯಯನಕಾರ ಗಾರ್ಡನ್ ವಾಸನ್ ಅಲ್ಲಿಗೆ ಹೋದರು. ಆಚರಣೆಗೆ ಕೂರಲು ಒಂದು ಕಾರಣ ಬೇಕಿತ್ತು. ಮಗನ ಬಗ್ಗೆ ಚಿಂತೆಯಾಗಿದೆ ಎಂದು ಹೇಳಿಕೊಂಡರು. 1957ರ ಮೇ ತಿಂಗಳಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಅವರ ಸಚಿತ್ರ ಲೇಖನ ಬಂತು. ಅದರಲ್ಲಿ ಆಕೆಯ ಹೆಸರು ಬದಲಿಸಿದ್ದರು, ಆದರೆ ಗುಟ್ಟು ಹೆಚ್ಚು ದಿನ ಉಳಿಯಲಿಲ್ಲ. ಮುಂದಿನ ವರ್ಷಗಳಲ್ಲಿ ಊರಿಗೆ ಹೊರಗಿನವರ ದಂಡೇ ಬಂತು. ಹಿಂದೆಯೇ ಪೊಲೀಸರು ಬಂದರು. ಆಕೆಯ ಮನೆ ಸುಟ್ಟುಹೋಯಿತು. ಹೊರಗಿನವರು ಬಂದ ಮೇಲೆ ಅಣಬೆಗಳ ಶಕ್ತಿಯೇ ಹೋಯಿತು ಎಂದು ಆಕೆ ಕೊನೆಗಾಲದಲ್ಲಿ ಹೇಳುತ್ತಿದ್ದರು. 1985ರಲ್ಲಿ ತೀರಿಕೊಂಡಾಗಲೂ ಬಡತನ ಬಿಟ್ಟಿರಲಿಲ್ಲ.

ನನ್ನ ಮಟ್ಟಿಗೆ ಇಡೀ ವಿಷಯದ ನಡುಮಧ್ಯ ಇರುವುದು ಇಲ್ಲೇ. ಅಲ್ಲಿಂದ ಹೋದ ಅಣಬೆಯನ್ನು ಬೆಳೆಸಿ, ಸ್ವಿಸ್ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ 1958ರಲ್ಲಿ ಸಿಲೋಸೈಬಿನ್ ಬೇರ್ಪಡಿಸಿದರು. 1962ರಲ್ಲಿ ಅವರೇ ವಾವುತ್ಲಾಕ್ಕೆ ಹೋಗಿ ಮರಿಯಾ ಸಬೀನಾ ಅವರಿಗೆ ಸಿಲೋಸೈಬಿನ್ ಮಾತ್ರೆ ಕೊಟ್ಟರು. ಮಾತ್ರೆಯಲ್ಲೂ ಅಣಬೆಯ ಶಕ್ತಿಯೇ ಇದೆ ಎಂದು ಆಕೆ ಒಪ್ಪಿದರು ಎಂದು ಹಾಫ್‌ಮನ್ ಬರೆದಿದ್ದಾರೆ. ಒಬ್ಬ ವಿಜ್ಞಾನಿ ತನ್ನ ಮಾತ್ರೆಯನ್ನು ಪರೀಕ್ಷೆಗಾಗಿ ಆಕೆಯ ಮುಂದೆ ತಂದಿಟ್ಟರು; ಅಂದರೆ ಆಕೆಯ ಜ್ಞಾನಕ್ಕೆ ಬೆಲೆ ಇತ್ತು. ಆ ಬೆಲೆ ಆಕೆಯ ಕೈ ಸೇರಲಿಲ್ಲ.

ಪ್ರಯೋಗಾಲಯ, ಗೂಢಚಾರರು, ನಿಷೇಧ

ಎಲ್‌ಎಸ್‌ಡಿಯನ್ನು ಹಾಫ್‌ಮನ್ 1938ರಲ್ಲೇ ಬಾಸೆಲ್ ನಗರದ ಸ್ಯಾಂಡೋಜ್ ಕಂಪನಿಯಲ್ಲಿ ತಯಾರಿಸಿದ್ದರು. 1943ರ ಏಪ್ರಿಲ್ 19ರಂದು 250 ಮೈಕ್ರೋಗ್ರಾಂ ತಾವೇ ತೆಗೆದುಕೊಂಡು, ಸೈಕಲ್ ತುಳಿದುಕೊಂಡು ಮನೆಗೆ ಹೋದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಕಂಪನಿ ಅದನ್ನು ‘ಡೆಲಿಸಿಡ್’ ಹೆಸರಿನಲ್ಲಿ ಮನೋವೈದ್ಯರಿಗೆ ಕಳಿಸಿಕೊಟ್ಟಿತು. ಕೆನಡಾದ ಸಸ್ಕ್ಯಾಚುವಾನ್‌ನಲ್ಲಿ ಹಂಫ್ರಿ ಆಸ್ಮಂಡ್ ಕುಡಿತದ ಚಟ ಬಿಡಿಸಲು ಬಳಸಿದರು. ಅದೇ ಹೊತ್ತಿಗೆ, 1953ರಿಂದ, ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ‘ಎಂಕೆ ಅಲ್ಟ್ರಾ’ ಯೋಜನೆಯಡಿ ಜನರಿಗೆ ಗೊತ್ತಾಗದಂತೆ ಅದೇ ಎಲ್‌ಎಸ್‌ಡಿ ಕೊಟ್ಟು ನೋಡುತ್ತಿತ್ತು. ಒಬ್ಬರಿಗೆ ಬೇಕಾದದ್ದು ಗುಣ, ಇನ್ನೊಬ್ಬರಿಗೆ ಬೇಕಾದದ್ದು ಮನಸ್ಸಿನ ಮೇಲೆ ಹಿಡಿತ. ಔಷಧ ಮಾತ್ರ ಒಂದೇ.

ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಟಿಮೊತಿ ಲಿಯರಿ, ಯುವಜನರ ಚಳವಳಿ, ವಿಯೆಟ್ನಾಂ ಯುದ್ಧದ ವಿರೋಧ, ಇವನ್ನೆಲ್ಲ ಪಠ್ಯಗಳು ಬೇಕಾದಷ್ಟು ವಿವರಿಸುತ್ತವೆ. ನೆನಪಿಡಬೇಕಾದದ್ದು ಇಷ್ಟು: 1966ರಲ್ಲಿ ಕ್ಯಾಲಿಫೋರ್ನಿಯಾ ಎಲ್‌ಎಸ್‌ಡಿ ನಿಷೇಧಿಸಿತು, 1970ರಲ್ಲಿ ಅಮೆರಿಕದ ಕೇಂದ್ರ ಕಾನೂನು ಇವನ್ನು ಅತ್ಯಂತ ಕಠಿಣ ಪಟ್ಟಿಗೆ ಸೇರಿಸಿತು, 1971ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಬಂತು. ಸಂಶೋಧನೆ ಹೆಚ್ಚುಕಡಿಮೆ ನಿಂತೇಹೋಯಿತು. ಆದರೆ ಧಾರ್ಮಿಕ ಬಳಕೆ ನಿಲ್ಲಲಿಲ್ಲ. 1918ರಲ್ಲಿ ಓಕ್ಲಹೋಮಾದಲ್ಲಿ ನೋಂದಾಯಿಸಿಕೊಂಡ, ಅಮೆರಿಕದ ಮೂಲನಿವಾಸಿಗಳ ನೇಟಿವ್ ಅಮೆರಿಕನ್ ಚರ್ಚ್‌ನವರು ಪೆಯೋಟಿ ಬಳಸುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿದರು. 1994ರ ಕಾನೂನು ಆ ಹಕ್ಕನ್ನು ಗಟ್ಟಿ ಮಾಡಿತು.

ಮರಳಿ ಆಸ್ಪತ್ರೆಗೆ

ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್ 2006ರಲ್ಲಿ ಪ್ರಕಟಿಸಿದ ಸಿಲೋಸೈಬಿನ್ ಅಧ್ಯಯನ ಹೊಸ ಅಲೆಗೆ ನಾಂದಿ. 2016ರಲ್ಲಿ ಅದೇ ತಂಡ, ಕ್ಯಾನ್ಸರ್‌ನಿಂದ ಆತಂಕ ಮತ್ತು ಖಿನ್ನತೆಗೆ ಒಳಗಾದ 51 ಮಂದಿಯಲ್ಲಿ ಒಳ್ಳೆಯ ಫಲಿತಾಂಶ ಕಂಡಿತು. ಸುದ್ದಿ ಓದಿ ಉಬ್ಬಿಹೋಗುವ ಮೊದಲು ಒಂದು ಹಳೆಯ ಪ್ರಯೋಗವನ್ನು ಗಮನವಿಟ್ಟು ಓದಿ ಎಂದು ಜೊತೆಗೆ ಓದುವವರಿಗೆಲ್ಲ ಹೇಳುತ್ತೇನೆ.

1962ರ ಶುಭ ಶುಕ್ರವಾರ, ಬಾಸ್ಟನ್ ವಿಶ್ವವಿದ್ಯಾಲಯದ ಮಾರ್ಷ್ ಚಾಪೆಲ್. ಸಂಶೋಧಕ ವಾಲ್ಟರ್ ಪಾಂಕೆ 20 ಧರ್ಮಶಾಸ್ತ್ರ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿಗೆ ಸಿಲೋಸೈಬಿನ್, ಉಳಿದವರಿಗೆ ನಿಕೋಟಿನಿಕ್ ಆಮ್ಲ ಕೊಟ್ಟರು. ಆ ಆಮ್ಲದಿಂದ ಮುಖ ಬಿಸಿಯಾಗಿ ಕೆಂಪೇರುತ್ತದೆ, ಹಾಗಾಗಿ ಯಾರಿಗೆ ಯಾವುದು ಸಿಕ್ಕಿದೆ ಎಂದು ತಿಳಿಯದೆ ಇರಲಿ ಎಂಬ ಲೆಕ್ಕಾಚಾರ. ಸ್ವಲ್ಪ ಹೊತ್ತಿನಲ್ಲೇ ಎಲ್ಲರಿಗೂ ಗೊತ್ತಾಗಿಬಿಟ್ಟಿತು. ಸಿಲೋಸೈಬಿನ್ ಪಡೆದ ಬಹುತೇಕರು ಆಳವಾದ ಆಧ್ಯಾತ್ಮಿಕ ಅನುಭವ ಹೇಳಿಕೊಂಡರು. ಆದರೆ ದಶಕಗಳ ನಂತರ ಸಂಶೋಧಕ ರಿಕ್ ಡಾಬ್ಲಿನ್ ಆ ವಿದ್ಯಾರ್ಥಿಗಳನ್ನು ಹುಡುಕಿ ಮಾತಾಡಿಸಿದಾಗ ಇನ್ನೊಂದು ವಿಷಯ ಹೊರಬಿತ್ತು: ಒಬ್ಬ ವಿದ್ಯಾರ್ಥಿ ಹಿಡಿತಕ್ಕೆ ಸಿಗದೆ, ಅವನಿಗೆ ಶಮನಕಾರಿ ಔಷಧ ಚುಚ್ಚಬೇಕಾಗಿತ್ತು. ಮೂಲ ವರದಿಯಲ್ಲಿ ಆ ಸಂಗತಿಯೇ ಇರಲಿಲ್ಲ.

ಇಲ್ಲಿರುವ ಎರಡು ತೊಡಕುಗಳೂ ಇನ್ನೂ ಜೀವಂತ. ಔಷಧ ಸಿಕ್ಕಿದವರಿಗೆ ಸಿಕ್ಕಿದ್ದು ಗೊತ್ತಾದರೆ, ಗುಣವಾದದ್ದು ಔಷಧದಿಂದಲೋ ನಿರೀಕ್ಷೆಯಿಂದಲೋ ಎಂದು ಬೇರ್ಪಡಿಸುವುದು ಕಷ್ಟ. ಕೆಟ್ಟ ಅನುಭವಗಳು ವರದಿಗೆ ಬಾರದೆ ಹೋದರೆ ಫಲಿತಾಂಶವನ್ನು ನಂಬುವುದು ಹೇಗೆ? ಆಘಾತದ ನಂತರದ ಮನೋವ್ಯಥೆಗೆ ಎಂಡಿಎಂಎ ಚಿಕಿತ್ಸೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮುಂದೆ ಇಟ್ಟಾಗ ಸಲಹಾ ಸಮಿತಿ ಎತ್ತಿದ ಆಕ್ಷೇಪಗಳಲ್ಲಿ ಈ ಎರಡೂ ಇದ್ದವು. 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಗಲಿಲ್ಲ. (ಎಂಡಿಎಂಎ ಮೇಲೆ ಹೇಳಿದ ನಾಲ್ಕರ ಗುಂಪಿಗೆ ಸೇರುವುದಿಲ್ಲ, ಆದರೂ ಚರ್ಚೆಯಲ್ಲಿ ಜೊತೆಗೇ ಬರುತ್ತದೆ.) ನನಗೆ ಆ ನಿರ್ಧಾರ ಸರಿಯೆನಿಸಿತು. ನೊಂದವರಿಗೆ ಭರವಸೆ ಎಷ್ಟು ಮುಖ್ಯವೋ ಗಟ್ಟಿ ಸಾಕ್ಷ್ಯವೂ ಅಷ್ಟೇ ಮುಖ್ಯ.

ಕೊಡುವವರು ಯಾರು ಎಂಬುದಕ್ಕೆ ಇಂದು ಒಂದೇ ಉತ್ತರವಿಲ್ಲ. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಅನುಮತಿ ಪಡೆದ ಮನೋವೈದ್ಯರು ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆಗೆ ಸಿಲೋಸೈಬಿನ್ ಬರೆದುಕೊಡಬಹುದು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ 2020ರ ಮತದಾನದ ಫಲವಾಗಿ, 21 ವರ್ಷ ತುಂಬಿದವರು ವೈದ್ಯರ ಚೀಟಿ ಇಲ್ಲದೆಯೂ ಪರವಾನಗಿ ಪಡೆದ ಕೇಂದ್ರದಲ್ಲಿ, ತರಬೇತಾದವರ ಸಮ್ಮುಖದಲ್ಲಿ ಅದನ್ನು ಪಡೆಯಬಹುದು. ಮೊದಲನೆಯದು ರೋಗಿಯ ದಾರಿ, ಎರಡನೆಯದು ಯಾವ ವಯಸ್ಕರಿಗೂ ತೆರೆದ ದಾರಿ.

ಎಲ್ಲ ಸಸ್ಯಗಳನ್ನೂ ಅಪರಾಧದ ಪಟ್ಟಿಯಿಂದ ತೆಗೆಯಬೇಕೆಂಬ ಚಳವಳಿ ಜೋರಾದಾಗ, ಪೆಯೋಟಿಯನ್ನು ಮಾತ್ರ ಅದರಿಂದ ಹೊರಗಿಡಿ ಎಂದು ಕೇಳಿದವರು ನೇಟಿವ್ ಅಮೆರಿಕನ್ ಚರ್ಚ್‌ನ ಮುಖಂಡರೇ. ಟೆಕ್ಸಾಸ್‌ನ ದಕ್ಷಿಣ ಭಾಗ ಮತ್ತು ಮೆಕ್ಸಿಕೋದ ಉತ್ತರದಲ್ಲಷ್ಟೇ ಬೆಳೆಯುವ ಆ ಕಳ್ಳಿ ಕಾಡಿನಲ್ಲಿ ಕೊಯ್ಲಿಗೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಬೇಕು. ಬೇಡಿಕೆ ಏರಿದರೆ ಪ್ರಾರ್ಥನೆಗೆ ಉಳಿಯುವುದಿಲ್ಲ ಎಂಬ ಆತಂಕ ಅವರದು. ಅಮೆರಿಕದ ಕೊಲೊರಾಡೊ ರಾಜ್ಯ 2022ರಲ್ಲಿ ಅಂಗೀಕರಿಸಿದ ಕಾನೂನು, ಅಪರಾಧವಲ್ಲದ ಪದಾರ್ಥಗಳ ಪಟ್ಟಿಗೆ ಮೆಸ್ಕಲಿನ್ ಹೆಸರನ್ನು ಸೇರಿಸಿ, ಪೆಯೋಟಿಯನ್ನು ಕೈಬಿಟ್ಟಿತು.