ಟ್ರಾನ್ಸ್‌ಹ್ಯೂಮನಿಸಂ: ಪದದ ಒಳಗೆ ಉಳಿದ ನಂಬಿಕೆ

ಟ್ರಾನ್ಸ್‌ಹ್ಯೂಮನಿಸಂ ಅಂದ ಕೂಡಲೇ ಮಿದುಳಿಗೆ ಚಿಪ್, ಮುಪ್ಪಿಲ್ಲದ ದೇಹ, ಇಂಥವೇ ಕಣ್ಣ ಮುಂದೆ ಬರುತ್ತವೆ ಅಲ್ವಾ? ಅರ್ಥವೂ ಹೆಚ್ಚುಕಡಿಮೆ ಅದೇ. ರೋಗ, ಮುಪ್ಪು, ಮರೆವು ಇವನ್ನೆಲ್ಲ ಹಣೆಬರಹ ಅಂತ ಒಪ್ಪಿಕೊಂಡು ಕೂರಬೇಕಿಲ್ಲ, ವಿಜ್ಞಾನದ ಬಲದಿಂದ ಮನುಷ್ಯ ತನ್ನ ಮಿತಿಯನ್ನು ತಾನೇ ದಾಟಬಹುದು ಎನ್ನುವ ವಿಚಾರ.

ಆದರೆ ಪದದ ಬೇರು ಹಿಡಿದು ಹೋದರೆ ಸಿಗುವುದು ಲ್ಯಾಬ್ ಅಲ್ಲ, ಕಾವ್ಯ. 14ನೇ ಶತಮಾನದಲ್ಲಿ ಇಟಲಿಯ ಕವಿ ದಾಂತೆ, ಸ್ವರ್ಗಕ್ಕೆ ಏರುವ ಗಳಿಗೆಯನ್ನು ಹೇಳಲು 'ಟ್ರಾಸುಮನಾರ್' ಎಂಬ ಪದ ಬಳಸಿದ. ಮನುಷ್ಯತನವನ್ನು ದಾಟುವುದು ಅಂತ ಅದರರ್ಥ. ಇದು ಮಾತಿಗೆ ಸಿಗುವುದಿಲ್ಲ ಅಂತ ಅವನೇ ಹೇಳಿ, ಗ್ಲಾಕಸ್ ಎಂಬ ಬೆಸ್ತನನ್ನು ನೆನೆಯುತ್ತಾನೆ. ಹಳೆಯ ಕಥೆಯಲ್ಲಿ ಈ ಗ್ಲಾಕಸ್ ಹಿಡಿದ ಮೀನುಗಳನ್ನು ಹುಲ್ಲಿನ ಮೇಲೆ ಹರಡುತ್ತಾನೆ. ಹುಲ್ಲು ತಾಗಿದ್ದೇ ತಡ, ಅವು ಮಿಸುಕಾಡಿ ವಾಪಸ್ ನೀರಿಗೆ ಹಾರುತ್ತವೆ. ಬೆರಗಾಗಿ ತಾನೂ ಒಂದಿಷ್ಟು ಹುಲ್ಲು ಕಿತ್ತು ಜಗಿಯುತ್ತಾನೆ. ಸಮುದ್ರದ ದೇವರಾಗಿಬಿಡುತ್ತಾನೆ. ಹುಲ್ಲು ಕಿತ್ತದ್ದು ಬೆಸ್ತನ ಕೈ. ದಾಂತೆಗೋ ಈ ದಾಟುವಿಕೆ ದೇವರ ಕೃಪೆ. ಎರಡೂ ಅಲ್ಲೇ, ಕೆಲವೇ ಸಾಲುಗಳಲ್ಲಿ ಅಕ್ಕಪಕ್ಕ ಇವೆ. ನನಗೆ ಈ ಪದದ ಮೇಲೆ ಪ್ರೀತಿ ಹುಟ್ಟಿದ್ದು ಇದರಿಂದಲೇ.

ಇಂದಿನ ಅರ್ಥದಲ್ಲಿ ಪದವನ್ನು ಜನಕ್ಕೆ ಪರಿಚಯಿಸಿದವರು ಜೂಲಿಯನ್ ಹಕ್ಸ್‌ಲಿ. ಬ್ರಿಟನ್ನಿನ ಜೀವವಿಜ್ಞಾನಿ, 1946ರಿಂದ 1948ರವರೆಗೆ ಯುನೆಸ್ಕೋದ ಮೊದಲ ಮಹಾನಿರ್ದೇಶಕ. ನಾನಾ ದೇಶ, ನಾನಾ ಧರ್ಮದವರನ್ನು ಒಂದೇ ಮೇಜಿಗೆ ಕರೆತರಬೇಕಾದ ರಾಜತಾಂತ್ರಿಕ ಕೆಲಸ ಅದು. ಯುನೆಸ್ಕೋ ಯಾವುದೋ ಒಂದು ಧರ್ಮಕ್ಕೆ ಒರಗಿ ನಿಲ್ಲುವಂತಿಲ್ಲ, ವಿಕಾಸವಾದದ ಮೇಲೆ ಕಟ್ಟಿದ ಮಾನವತೆಯೇ ಅದರ ನೆಲೆಯಾಗಲಿ ಅಂತ ಅವರು ಬರೆದರು. ಎಲ್ಲರೂ ಒಪ್ಪಲಿಲ್ಲ. ಆ ಬರಹ ಕೊನೆಗೆ ಅವರ ಸ್ವಂತ ಅಭಿಪ್ರಾಯವಾಗಿಯಷ್ಟೇ ಹೊರಬಂತು.

ಹಕ್ಸ್‌ಲಿ ಲೋಕದಾಚೆಯ ದೇವರನ್ನು ನಂಬಲಿಲ್ಲ. ಆದರೆ ಧರ್ಮ ಕೊಡುವ ಬೆರಗು, ಭರವಸೆ ಮನುಷ್ಯನಿಗೆ ಬೇಕೇ ಬೇಕು ಅಂದುಕೊಂಡಿದ್ದರು. 1957ರ ಅವರ ಪ್ರಬಂಧದ ಕೊನೆಯ ಭಾಗ ನೋಡಿ: 'ನಾನು ಟ್ರಾನ್ಸ್‌ಹ್ಯೂಮನಿಸಂನಲ್ಲಿ ನಂಬಿಕೆ ಇಟ್ಟಿದ್ದೇನೆ' ಎಂಬ ಮಾತು. ಸಿದ್ಧಾಂತ ಮಂಡಿಸುವವರ ದನಿಯಲ್ಲ ಇದು, ಪ್ರಾರ್ಥನೆಗೆ ನಿಂತವರ ದನಿ. ಕ್ಯಾಥೊಲಿಕರ ಜೆಸ್ಯುಯಿಟ್ ಪಂಗಡದ ಪಾದ್ರಿ ತೇಯಾರ್ ದ ಶಾರ್ದಾಂ ಹಕ್ಸ್‌ಲಿಯವರ ಗೆಳೆಯ. ವಿಕಾಸದ ಕೊನೆಯಲ್ಲಿ ಕ್ರಿಸ್ತನನ್ನೇ ಕಂಡವರು. ಅವರ ಪುಸ್ತಕದ ಇಂಗ್ಲಿಷ್ ಅನುವಾದಕ್ಕೆ ಹಕ್ಸ್‌ಲಿ ಮುನ್ನುಡಿ ಬರೆದರು. ಬಹುದೂರ ಜೊತೆಗೆ ನಡೆದು, ದೈವದ ಮಾತು ಬಂದಾಗ ಮಾತ್ರ 'ಇಲ್ಲಿಂದಾಚೆ ನಾನು ಬರಲಾರೆ' ಅಂತ ಅದರಲ್ಲೇ ಮುಚ್ಚುಮರೆಯಿಲ್ಲದೆ ತಿಳಿಸಿದರು.

ಒಂದನ್ನು ಮುಚ್ಚಿಡಬಾರದು. ಮನುಷ್ಯರ ತಳಿಯನ್ನೇ ಸುಧಾರಿಸುತ್ತೇವೆ ಅಂತ ಹೊರಟ ಬ್ರಿಟನ್ನಿನ ಯುಜೆನಿಕ್ಸ್ ಸೊಸೈಟಿಗೆ ಹಕ್ಸ್‌ಲಿ 1959ರಿಂದ 1962ರವರೆಗೆ ಅಧ್ಯಕ್ಷರಾಗಿದ್ದರು. ದಾಟುವವರು ಯಾರು, ಹಿಂದೆ ಉಳಿಯುವವರು ಯಾರು, ಇದನ್ನು ತೀರ್ಮಾನಿಸುವವರು ಯಾರು? ಪದದ ಜೊತೆ ಈ ಪ್ರಶ್ನೆಯೂ ಅಂಟಿಕೊಂಡೇ ಬಂದಿದೆ.

ಈಗ ಈ ಹೆಸರನ್ನು ಹೊತ್ತವರಲ್ಲಿ ನಾಸ್ತಿಕರೇ ಜಾಸ್ತಿ. ಹಾಗಂತ ಎಲ್ಲರೂ ಅಲ್ಲ. ಅಮೆರಿಕದಲ್ಲಿ 2006ರಲ್ಲಿ, ಮಾರ್ಮನ್ ಎಂಬ ಕ್ರೈಸ್ತ ಪಂಥದ ಹಿನ್ನೆಲೆಯವರಿಂದ, ಮಾರ್ಮನ್ ಟ್ರಾನ್ಸ್‌ಹ್ಯೂಮನಿಸ್ಟ್ ಅಸೋಸಿಯೇಷನ್ ಶುರುವಾಯಿತು. ತಂತ್ರಜ್ಞಾನವೂ ದೇವರೇ ಕೊಟ್ಟ ಸಾಧನ, ಅವನಂತಾಗಲು ಅದನ್ನೂ ಬಳಸಬೇಕು ಅನ್ನುತ್ತಾರೆ ಅವರು. ಬೆಸ್ತನ ಕೈಯನ್ನೂ ದೇವರ ಕೃಪೆಯನ್ನೂ ಬೇರೆ ಮಾಡಲು ಅವರು ಒಪ್ಪುವುದಿಲ್ಲ.