ಕುದುರೆ ಓಡುವ ಮೊದಲೇ ನಾವು ಹಿಂದೆ ಸರಿಯಬೇಕು

ಮೂಡಿಗೆರೆ ಕಡೆ ನಮ್ಮ ಚಿಕ್ಕಪ್ಪನ ತೋಟದಲ್ಲಿ ಗೌರಿ ಅಂತ ಒಂದು ಕಂದು ಕುದುರೆ ಇದೆ. ಕಾಫಿ ಕಣದ ಆಚೆ ಇಳಿಜಾರಿನಲ್ಲಿ ದಿನವಿಡೀ ಮೇಯುತ್ತದೆ. ಮಕ್ಕಳು ಬೇಲಿ ಹತ್ತಿರ ಹೋದರೆ ತಾನೇ ಬಂದು ಮೂಸುತ್ತದೆ. ಆದರೆ ಕೈಯಲ್ಲಿ ಹಗ್ಗ ಕಂಡರೆ ಮುಗಿಯಿತು, ಗುಡ್ಡದ ತುದಿ ಸೇರುತ್ತದೆ. ಒಂದು ದಿನ ನಾಲ್ಕು ಜನ ಸೇರಿ ಒಂದು ಗಂಟೆ ಅಟ್ಟಾಡಿಸಿ ಬರಿಗೈಲಿ ವಾಪಸ್ ಬಂದೆವು. "ಕೊಬ್ಬು ಜಾಸ್ತಿ ಇದಕ್ಕೆ" ಅಂದರು ತೋಟದ ರೈಟರು.

ಕೊಬ್ಬಲ್ಲ ಅದು, ಕಲಿಕೆ. ಗೌರಿಯ ಕಡೆಯಿಂದ ನೋಡಿ. ಮನುಷ್ಯ ಹತ್ತಿರ ಬಂದ, ಭಯವಾಯಿತು. ಓಡಿತು. ಅವನು ಸುಸ್ತಾಗಿ ಮನೆಗೆ ಹೋದ. ಓಡಿದ್ದಕ್ಕೆ ನೆಮ್ಮದಿ ಸಿಕ್ಕಿತು, ಅಲ್ವಾ? 1898ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ ತೋರಿಸಿದ್ದು ಇದನ್ನೇ. ಬಾಗಿಲು ತೆರೆಯುವ ಉಪಾಯ ಒಮ್ಮೆ ಸಿಕ್ಕರೆ, ಸಲದಿಂದ ಸಲಕ್ಕೆ ಬೆಕ್ಕು ಬೇಗ ಬೇಗ ಹೊರಗೆ ಬರುತ್ತಿತ್ತು. ಯಾವುದರಿಂದ ಹಿತವಾಯಿತೋ ಅದನ್ನೇ ಪ್ರಾಣಿ ಮತ್ತೆ ಮಾಡುತ್ತದೆ. ಆ ದಿನ ನಾವು ನಾಲ್ಕು ಜನ ಗೌರಿಗೆ ಓಡುವುದನ್ನೇ ಕಲಿಸಿ ಬಂದಿದ್ದೆವು.

ಹಾಗಾದರೆ ನೆಮ್ಮದಿ ಸಿಗುವ ಗಳಿಗೆ ಬದಲಾಗಬೇಕು. ಓಡಿದಾಗ ಅಲ್ಲ, ನಿಂತಾಗ ಸಿಗಬೇಕು.

ಅದಕ್ಕೂ ಮೊದಲು ಬೆನ್ನು, ಬಾಯಿ, ಗೊರಸು ನೋಡಿಸಿ. ಜೀನು ಉಜ್ಜಿ ಗಾಯವಾಗಿದ್ದರೆ ಅದು ಓಡುವುದೇ ಸರಿ. ಯಾವ ಪಾಠವೂ ಆಗ ಬೇಡ.

ಕುದುರೆಯ ಕಣ್ಣು ತಲೆಯ ಪಕ್ಕದಲ್ಲಿವೆ. ಸುತ್ತಲಿನ 360 ಡಿಗ್ರಿಯಲ್ಲಿ ಸುಮಾರು 350 ಅದಕ್ಕೆ ಕಾಣುತ್ತದೆ. ಕಾಣದಿರುವುದು ಹಣೆಯ ನೇರ ಮುಂದೆ ಒಂದಿಷ್ಟು, ಬಾಲದ ನೇರ ಹಿಂದೆ ಒಂದಿಷ್ಟು. ಕುದುರೆಯ ಹಿಂದೆ ಹೋಗಬೇಡ ಅಂತ ಹಿರಿಯರು ಬೈಯುತ್ತಿದ್ದುದು ಸುಮ್ನೆ ಅಲ್ಲ. ಹಾಗಾಗಿ ಹೆಗಲಿನ ಕಡೆಗೆ ಓರೆಯಾಗಿ, ನಿಧಾನಕ್ಕೆ ನಡೆಯಬೇಕು.

ಮೊದಲ ಬೆಳಿಗ್ಗೆ ಗೌರಿಗೂ ನನಗೂ ಮೂವತ್ತು ಹೆಜ್ಜೆ ದೂರವಿತ್ತು. ಅದು ಮೇಯುವುದನ್ನು ನಿಲ್ಲಿಸಿತು. ಒಂದು ಕಿವಿ ನನ್ನ ಕಡೆ ತಿರುಗಿತು. ಕತ್ತು ಎತ್ತಿ ಬಿಗಿಯಾಯಿತು. ಅಷ್ಟೇ, ಅಲ್ಲೇ ನಿಂತೆ. ಕತ್ತು ಸ್ವಲ್ಪ ಇಳಿದ ತಕ್ಷಣ ಬೆನ್ನು ತಿರುಗಿಸಿ ವಾಪಸ್ ನಡೆದೆ. ತಡ ಮಾಡಿದರೆ ಯಾವುದಕ್ಕೆ ಬಿಡುವು ಸಿಕ್ಕಿತು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಅಕಸ್ಮಾತ್ ಹೊರಟೇ ಬಿಟ್ಟರೆ ಅಟ್ಟಬಾರದು, ಬಿಟ್ಟು ಬರಲೂಬಾರದು. ಅದೇ ನಿಧಾನದಲ್ಲಿ ಜೊತೆಗೆ ನಡೆಯುತ್ತಾ ಇರಬೇಕು. ಅದು ನಿಂತಿತೋ, ನಾವು ಹಿಂದೆ ಸರಿಯಬೇಕು. ನನಗೆ ಕಷ್ಟವಾಗಿದ್ದು ಇದೇ. ಕೈಗೆ ಸಿಗುವಷ್ಟು ಹತ್ತಿರ ಹೋಗಿ ವಾಪಸ್ ಬರುವುದಕ್ಕೆ ಮನಸ್ಸೇ ಬರುವುದಿಲ್ಲ.

ಹುರುಳಿ ಬಕೆಟ್ ತೋರಿಸಿ ಹಿಡಿಯಬಹುದಲ್ಲ ಅಂತ ಕೇಳುತ್ತಾರೆ. ಒಂದೆರಡು ಸಲ ಸಿಗುತ್ತದೆ. ಆಮೇಲೆ ಬಕೆಟ್ ಬಂದರೆ ಹಿಂದೆ ಹಗ್ಗ ಇದೆ ಅಂತ ಅದೂ ಕಲಿಯುತ್ತದೆ.

ಐದನೇ ದಿನ ಮುಟ್ಟಲು ಬಿಟ್ಟಿತು. ಮೂತಿ ಮುಟ್ಟಲಿಲ್ಲ, ಕತ್ತು ಬೆನ್ನಿಗೆ ಸೇರುವ ಜಾಗ ಕೆರೆದೆ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಹೆಚ್ಚಾಗಿ ಅಲ್ಲೇ. ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆ ಭಾಗವನ್ನು ಕೆರೆದಾಗ ಎದೆಬಡಿತ ಕಡಿಮೆಯಾಗಿದ್ದು ಕಂಡುಬಂತು. ಗೌರಿಯ ಕೆಳತುಟಿ ಜೋತುಬಿತ್ತು, ಕಣ್ಣು ಅರ್ಧ ಮುಚ್ಚಿತು. ಸ್ವಲ್ಪ ಹೊತ್ತು ಕೆರೆದು ಹೊರಟುಬಂದೆ.

ಆಮೇಲಷ್ಟೇ ಹಗ್ಗ. ಕತ್ತಿನ ಮೇಲೆ ಹಾಕುವುದು, ಕೆರೆಯುವುದು, ತೆಗೆದು ಬಿಟ್ಟುಬಿಡುವುದು. ಹಗ್ಗ ಬಂತೆಂದರೆ ಪ್ರತಿ ಸಲ ಕೆಲಸವೇ ಅಂತ ಅದರ ತಲೆಯಲ್ಲಿ ಕೂತಿದ್ದು ಹೀಗೆ ಸಡಿಲವಾಯಿತು.

ಜೂನ್‌ನಲ್ಲಿ ಮಳೆ ಹಿಡಿಯಿತು. ಚಿಕ್ಕಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ಹೋದರೆ ಗೌರಿ ಮತ್ತೆ ಗುಡ್ಡದ ತುದಿಗೆ! ಕೊಪ್ಪೆ ಹೊದ್ದ ಆಕಾರ ಅದಕ್ಕೆ ಹೊಸದು. "ಅಯ್ಯೋ, ಎಲ್ಲಾ ಮರೆತುಬಿಡ್ತಲ್ಲೋ" ಅಂದರು. ಮರೆತಿರಲಿಲ್ಲ. ಕೊಪ್ಪೆ ಹಾಕಿಕೊಂಡೇ ಮೂವತ್ತು ಹೆಜ್ಜೆಯಿಂದ ಶುರುಮಾಡಿದೆವು. ಈ ಸಲ ಎರಡೇ ದಿನ ಸಾಕಾಯಿತು.