ಕಾಗದದ ಟ್ಯಾಂಕುಗಳು ಪ್ಲಾಸ್ಟಿಕ್ಕಿಗೆ ಬಂದ ಬಗೆ

ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿ ಯೋಜಿಸಿ, ಒಂದೆರಡು ಪ್ರಯೋಗಮಾದರಿಗಳನ್ನಷ್ಟೇ ಕಟ್ಟಿ, ಕೆಲವೊಮ್ಮೆ ಅದನ್ನೂ ಮಾಡದೆ ಕೈಬಿಟ್ಟ ‘ಕಾಗದದ ಟ್ಯಾಂಕುಗಳು’ ಇಂದು ಪ್ಲಾಸ್ಟಿಕ್ ಮಾದರಿಗಳ ಮಾರುಕಟ್ಟೆಯಲ್ಲಿ ಪ್ರತ್ಯೇಕ ವಿಭಾಗವೇ ಆಗಿವೆ. ಮೌಸ್, ಇ-100, ಲೋವೆ, ರಾಟೆ ಮುಂತಾದ ಹೆಸರುಗಳು ಯುದ್ಧವರದಿಗಳಲ್ಲಿ ಕಾಣಿಸುವುದಿಲ್ಲ. ಬಿಡಿಭಾಗಗಳನ್ನು ಜೋಡಿಸಿ ಮಾದರಿ ಕಟ್ಟುವ ಕಿಟ್ ಪೆಟ್ಟಿಗೆಗಳ ಮೇಲೆ ಮಾತ್ರ ಧಾರಾಳವಾಗಿ ಕಾಣಿಸುತ್ತವೆ. ಜರ್ಮನ್ ಸೈನ್ಯದ ಸರಕನ್ನು ಯುದ್ಧದುದ್ದಕ್ಕೂ ಹೊತ್ತದ್ದು ಬಹುಪಾಲು ಕುದುರೆಗಾಡಿಗಳು. ಅವುಗಳಿಗೆ ಇಷ್ಟು ಆಕರ್ಷಕ ಪೆಟ್ಟಿಗೆಗಳು ಎಂದೂ ದೊರೆತಿಲ್ಲ.

ಟ್ಯಾಂಕ್ ಮಾದರಿಗಳಿಗೆ 1/35 (ನಿಜದ ಗಾತ್ರದ 35ರಲ್ಲೊಂದು ಪಾಲು) ಎಂಬ ಅಳತೆ ರೂಢಿಯಾದದ್ದು ಜಪಾನಿನ ಟಮಿಯಾ ಸಂಸ್ಥೆಯಿಂದ. 1960ರ ದಶಕದ ಆರಂಭದಲ್ಲಿ ಅದು ಮೋಟಾರಿನಿಂದ ಓಡುವ ಪ್ಯಾಂಥರ್ ಟ್ಯಾಂಕಿನ ಕಿಟ್ ತಂದಾಗ, ಒಳಗೆ ಬ್ಯಾಟರಿಗಳು ಹಿಡಿಯುವಷ್ಟು ಜಾಗ ಬಿಟ್ಟು ನೋಡಿದರೆ ಬಂದ ಅನುಪಾತ ಅದು. ಮುಂದಿನ ದಶಕಗಳಲ್ಲಿ ಟೈಗರ್, ಪ್ಯಾಂಥರ್, ಪ್ಯಾಂಜರ್-4ರಂಥ ಹೆಸರಾಂತ ಟ್ಯಾಂಕುಗಳನ್ನು ತಯಾರಕರು ಮತ್ತೆ ಮತ್ತೆ ಅಚ್ಚು ಹಾಕಿದರು. ಅವು ಎಲ್ಲರ ಕಪಾಟಿನಲ್ಲೂ ತುಂಬಿಕೊಂಡ ಮೇಲೆ, 1990ರ ದಶಕದಲ್ಲಿ ಹಾಂಗ್‌ಕಾಂಗಿನ ಡ್ರಾಗನ್ ಸಂಸ್ಥೆ ಮೌಸ್ ಮತ್ತು ಇ-100ರ ಕಿಟ್‌ಗಳನ್ನು ಹೊರತಂದಿತು.

ಇವುಗಳಲ್ಲಿ ಅತ್ಯಂತ ಹೆಚ್ಚು ದಾಖಲೆಗಳಿರುವುದು ಮೌಸ್‌ಗೆ. 1942ರಲ್ಲಿ ಹಿಟ್ಲರ್ ಈ ಕೆಲಸವನ್ನು ವಾಹನ ವಿನ್ಯಾಸಕ ಫರ್ಡಿನಾಂಡ್ ಪೋರ್ಷೆಗೆ ವಹಿಸಿದ. ಉಕ್ಕಿನ ಕವಚ ಮತ್ತು ಫಿರಂಗಿ ಹೊತ್ತು ತಿರುಗುವ ಗೋಪುರ ಕ್ರುಪ್ ಕಾರ್ಖಾನೆಯಿಂದ ಬಂದವು. 1943ರ ಕೊನೆಗೆ ಮೊದಲ ಪ್ರಯೋಗಮಾದರಿ ತನ್ನ ಚಕ್ರಗಳ ಮೇಲೆ ಚಲಿಸಿತು. ಸುಮಾರು 188 ಟನ್ ತೂಕ, 12.8 ಸೆಂ.ಮೀ. ಬಾಯಿ ವ್ಯಾಸದ ಫಿರಂಗಿ, ಅದರ ಪಕ್ಕದಲ್ಲೇ 7.5 ಸೆಂ.ಮೀ.ನ ಇನ್ನೊಂದು. ಅದೇ ತೂಕದ ಉಕ್ಕಿನಲ್ಲಿ ಏಳು ಪ್ಯಾಂಜರ್-4 ಟ್ಯಾಂಕುಗಳಾಗುತ್ತಿದ್ದವು ಎಂಬುದನ್ನು ನೆನೆದರೆ ಯೋಜನೆಯ ವಿವೇಕ ಎಷ್ಟೆಂಬುದು ತಿಳಿಯುತ್ತದೆ. ಮಾದರಿ ಕಟ್ಟುವವನಿಗೆ ಈ ಅವಿವೇಕವೇ ಆಕರ್ಷಣೆ. ಫಿರಂಗಿಯೂ ಸೇರಿ ಹತ್ತು ಮೀಟರ್ ಉದ್ದದ ಆ ಯಂತ್ರ 1/35ರಲ್ಲಿ ಸುಮಾರು 29 ಸೆಂ.ಮೀ. ಬರುತ್ತದೆ. 1.1 ಮೀಟರ್ ಅಗಲದ ಎರಡು ಟ್ರ್ಯಾಕುಗಳು (ಚಕ್ರಗಳನ್ನು ಸುತ್ತುವ ಸರಪಳಿ ಪಟ್ಟಿಗಳು) ಒಟ್ಟು ಅಗಲದ ಅರ್ಧಕ್ಕಿಂತ ಹೆಚ್ಚನ್ನು ನುಂಗಿರುವುದರಿಂದ, ಮಾದರಿಯನ್ನು ಮಗುಚಿ ನೋಡಿದರೆ ತಳಭಾಗವಾಗಿ ಉಳಿಯುವುದು ನಡುವಿನ ಒಂದು ಕಿರಿದಾದ ಪಟ್ಟಿ ಮಾತ್ರ. ಪಕ್ಕದ ದಪ್ಪ ಕವಚ ಚಕ್ರಗಳ ಮೇಲೆ ಇಳಿಬಿದ್ದಿರುತ್ತದೆ. ಹೀಗಾಗಿ ಚಕ್ರಗಳನ್ನು ಒಂದೊಂದಾಗಿ ಅಂಟಿಸಲು ಹಿಡಿದ ಸಂಜೆಗಳ ಶ್ರಮ ಕೊನೆಯ ತುಂಡು ಕೂರುತ್ತಿದ್ದಂತೆ ಕಣ್ಮರೆಯಾಗುತ್ತದೆ.

ಮೌಸ್‌ಗೆ ಛಾಯಾಚಿತ್ರಗಳಿವೆ, ಮಾಸ್ಕೋ ಬಳಿಯ ಕುಬಿಂಕಾದಲ್ಲಿ ಅಳೆದು ನೋಡಬಹುದಾದ ನಿಜವಾದ ಟ್ಯಾಂಕೇ ಇದೆ. ಅದು ಸೋವಿಯತ್ ಸೇನೆ ಮೊದಲ ಪ್ರಯೋಗಮಾದರಿಯ ಒಡಲಿಗೆ ಎರಡನೆಯದರ ಗೋಪುರ ಕೂರಿಸಿದ ಜೋಡಣೆ. ಇ-ಸರಣಿಯ ಸ್ಥಿತಿ ಬೇರೆ. ಸೇನೆಯ ಶಸ್ತ್ರಾಸ್ತ್ರ ಇಲಾಖೆಯ ಹೈನ್ರಿಖ್ ಕ್ನೀಪ್‌ಕಾಂಪ್ ಮುಂದಾಳತ್ವದಲ್ಲಿ ಹುಟ್ಟಿದ ಈ ಯೋಜನೆಯ ಉದ್ದೇಶ ಟ್ಯಾಂಕುಗಳ ಬಿಡಿಭಾಗಗಳನ್ನು ಏಕರೂಪಗೊಳಿಸುವುದಾಗಿತ್ತು. ಹೆಸರಿನ ಅಂಕಿ ಸ್ಥೂಲವಾಗಿ ತೂಕದ ದರ್ಜೆಯನ್ನು ಸೂಚಿಸುತ್ತಿತ್ತು. ಇ-100ರ ಒಡಲಷ್ಟೇ ಪಾಡರ್‌ಬೋರ್ನ್ ಬಳಿಯ ಹೌಸ್ಟೆನ್‌ಬೆಕ್‌ನಲ್ಲಿ ಅರ್ಧಂಬರ್ಧ ಜೋಡಣೆಯಾಗಿ 1945ರಲ್ಲಿ ಮಿತ್ರಪಡೆಗಳ ಕೈಸೇರಿ, ಬ್ರಿಟನ್ನಿಗೆ ಸಾಗಿ, ಕೊನೆಗೆ ಗುಜರಿಯಾಯಿತು. ಅದಕ್ಕೆ ಗೋಪುರ ಕೂರಲೇ ಇಲ್ಲ. ಇ-50, ಇ-75ಗಳ ಗೋಪುರ ಹೇಗಿರಬೇಕಿತ್ತು ಎಂಬುದಕ್ಕೆ ಪೂರ್ಣ ನಕ್ಷೆಯೇ ಉಳಿದಿಲ್ಲ. ಆದರೂ ಕಿಟ್ ಎಂದರೆ ಇಡೀ ಟ್ಯಾಂಕ್ ಇರಬೇಕು. ಖಾಲಿ ಬಿಟ್ಟ ಪೆಟ್ಟಿಗೆಯನ್ನು ಯಾರೂ ಕೊಳ್ಳುವುದಿಲ್ಲ. ದಾಖಲೆ ನಿಂತ ಜಾಗದಿಂದ ಮುಂದೆ ವಿನ್ಯಾಸಕಾರನ ಊಹೆ ಕೆಲಸ ಮಾಡುತ್ತದೆ, ಆ ಊಹೆಯೂ ದಾಖಲೆಯಷ್ಟೇ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ, ಅಷ್ಟೇ ಚೂಪಾದ ಬೋಲ್ಟ್ ತಲೆಗಳೊಂದಿಗೆ ಅಚ್ಚಾಗಿ ಬರುತ್ತದೆ. ಯಾವುದು ಆಧಾರ, ಯಾವುದು ಅಂದಾಜು ಎಂದು ಜೋಡಣೆಯ ಕೈಪಿಡಿ ಹೇಳದಿರುವುದೇ ಈ ವರ್ಗದ ದೊಡ್ಡ ದೋಷವೆಂದು ನನ್ನ ಅಭಿಪ್ರಾಯ.

ಇದರ ಹಿಂದೆ ಲೆಕ್ಕಾಚಾರವೂ ಇದೆ. ಉಕ್ಕಿನ ಅಚ್ಚು ಕೊರೆಸುವುದು ದುಬಾರಿ. ಅದೇ ಅಚ್ಚಿನಿಂದ ಎರಡು ಮೂರು ಬಗೆಯ ಪೆಟ್ಟಿಗೆಗಳು ಹೊರಟರೆ ಹಾಕಿದ ಖರ್ಚು ಮರಳಿ ಬರುತ್ತದೆ. ಕಾಗದದ ಟ್ಯಾಂಕುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಒಂದೇ ಒಡಲಿಗೆ ಬೇರೆ ಗೋಪುರ, ಬೇರೆ ಫಿರಂಗಿ ಇಟ್ಟು ಇನ್ನೊಂದು ಹೆಸರು ಕೊಟ್ಟರೆ, ಹಾಗಿರಲಿಲ್ಲ ಎಂದು ಸಾಧಿಸುವುದು ಕಷ್ಟ. ಕ್ನೀಪ್‌ಕಾಂಪ್ ಬಯಸಿದ ಏಕರೂಪದ ಬಿಡಿಭಾಗಗಳು ಹೀಗೆ ಕೊನೆಗೂ ಕೈಗೂಡಿದ್ದು ಆಟಿಕೆಯ ಅಳತೆಯಲ್ಲಿ.

ಬೇಡಿಕೆಯನ್ನು ಹಿಗ್ಗಿಸಿದ್ದು ಕಂಪ್ಯೂಟರ್ ಆಟ. ಬೆಲಾರೂಸಿನ ಮಿನ್ಸ್ಕ್‌ನಲ್ಲಿ ಬೆಳೆದ ವಾರ್‌ಗೇಮಿಂಗ್ ಸಂಸ್ಥೆಯ ವರ್ಲ್ಡ್ ಆಫ್ ಟ್ಯಾಂಕ್ಸ್ 2010ರಲ್ಲಿ ಬಂದ ಮೇಲೆ, ಮೌಸ್ ಮತ್ತು ಇ-100 ಅದರ ಅತ್ಯುನ್ನತ ದರ್ಜೆಯಲ್ಲಿ ನಿಂತವು. ಇತಿಹಾಸ ಓದದ ಯುವಕರೂ ತಾವು ಪರದೆಯ ಮೇಲೆ ಓಡಿಸಿದ ಟ್ಯಾಂಕನ್ನು ಮೇಜಿನ ಮೇಲೆ ಬಯಸಿದರು. ಚೀನಾದ ಕಿಟ್ ತಯಾರಕ ಟ್ರಂಪೆಟರ್ ಇ-ಸರಣಿಯನ್ನು ಕೈಗೆತ್ತಿಕೊಂಡಿತು. ಅಮ್ಯೂಸಿಂಗ್ ಹಾಬಿ ಎಂಬ ಹೆಸರಿನಡಿ ಲೋವೆಯಂಥ, ಅಂದರೆ 1942ರಲ್ಲೇ ಮೌಸ್‌ಗಾಗಿ ಕೈಬಿಡಲಾದ, ಒಂದೂ ತಯಾರಾಗದ ವಿನ್ಯಾಸಗಳು ಬಂದವು. ಸಾವಿರ ಟನ್ನಿನ ರಾಟೆಯನ್ನು ಟಾಕಾಂ ಸಂಸ್ಥೆ 1/144ಕ್ಕೆ ಇಳಿಸಿತು. ಯೋಜಿತ ಉದ್ದ 35 ಮೀಟರ್ ಆದ್ದರಿಂದ, ರೂಢಿಯ ಅಳತೆಯಲ್ಲಿ ಮಾಡಿದ್ದರೆ ಅದು ಭರ್ತಿ ಒಂದು ಮೀಟರ್ ಆಗುತ್ತಿತ್ತು. ಎರಡು 28 ಸೆಂ.ಮೀ. ನೌಕಾ ಫಿರಂಗಿಗಳ ಈ ಕಲ್ಪನೆಯನ್ನು ಶಸ್ತ್ರಾಸ್ತ್ರ ಸಚಿವ ಆಲ್ಬರ್ಟ್ ಸ್ಪೀರ್ 1943ರಲ್ಲಿ ನಿಲ್ಲಿಸಿದ.

ಊಹೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಪ್ಯಾಂಥರ್-2 ಸಾಕ್ಷಿ. ಪ್ಯಾಂಥರಿನ 40 ಮಿ.ಮೀ. ಪಕ್ಕದ ಕವಚವನ್ನು ಸೋವಿಯತ್ 14.5 ಮಿ.ಮೀ. ಟ್ಯಾಂಕ್‌ನಿರೋಧಕ ರೈಫಲುಗಳು ಭೇದಿಸಬಹುದೆಂಬ ಆತಂಕದಿಂದ 1943ರ ಆರಂಭದಲ್ಲಿ ಈ ಯೋಜನೆ ಹುಟ್ಟಿತು. ಪಕ್ಕಕ್ಕೆ ತೆಳು ಉಕ್ಕಿನ ಹಾಳೆಗಳನ್ನು ನೇತುಹಾಕಿದರೆ ಸಾಕೆಂದಾದಾಗ ಅದೇ ವರ್ಷ ಹಿಂದೆ ಸರಿಯಿತು. ಅದಕ್ಕೆ ಉದ್ದೇಶಿಸಿದ್ದು ಮಾಮೂಲು 7.5 ಸೆಂ.ಮೀ. ಫಿರಂಗಿ. ಕಿರಿದಾದ ಗೋಪುರದಲ್ಲಿ 8.8 ಸೆಂ.ಮೀ. ಫಿರಂಗಿ ಕೂರಿಸುವ ಪ್ರಸ್ತಾಪ ಯುದ್ಧದ ಕೊನೆಯ ತಿಂಗಳುಗಳದ್ದು, ಬೇರೆಯೇ ಕಡತದ್ದು. ಟ್ಯಾಂಕ್ ಇತಿಹಾಸಕಾರರಾದ ಥಾಮಸ್ ಜೆಂಟ್ಸ್, ಹಿಲರಿ ಡಾಯ್ಲ್ ಮೂಲ ಕಾಗದಪತ್ರಗಳನ್ನು ಕೆದಕಿ ಇವೆರಡನ್ನೂ ಬೇರ್ಪಡಿಸಿದರು. ಆದರೆ ಹಳೆಯ ಕಿಟ್‌ಗಳು ಇವನ್ನು ಒಂದೇ ಟ್ಯಾಂಕಾಗಿ ಬೆಸೆದು ಮಾರಾಟವಾದವು, ಮುಂದೆ ಆಟಗಳೂ ಅದನ್ನೇ ಅನುಸರಿಸಿದವು. ವಾರ್ ಥಂಡರ್ ಆಟ 2019ರಲ್ಲಿ ಪ್ಯಾಂಥರ್-2ನ್ನು ಹೊಸ ಆಟಗಾರರಿಗೆ ಸಿಗದಂತೆ ಮಾಡಿತು. ಅಚ್ಚಿನಿಂದ ಹೊರಬಿದ್ದು ಮನೆ ಸೇರಿದ ಕಿಟ್‌ಗಳಿಗೆ ಅಂಥ ತಿದ್ದುಪಡಿ ಸಾಧ್ಯವಿಲ್ಲ.